ಹೊಸ ಎಸ್‌ಎಸ್‌ಡಿ ಹಾಕಿದ ಮೇಲೆ ಸರ್ವರ್ ಅರ್ಧ ನಿಮಿಷ ನಿಂತುಬಿಡುತ್ತದೆ, ಡಿಸ್ಕ್ ಬದಲಿಸಬೇಕಾ?

ಬನಹಟ್ಟಿ ಮಗ್ಗ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ಬನಹಟ್ಟಿಯಲ್ಲಿ ನಮ್ಮದು ಪವರ್‌ಲೂಮ್. ಸೀರೆ ನೇಯುತ್ತೇವೆ. ಡಿಸೈನ್ ಮಾಡಲು ಎರಡು ವಿಂಡೋಸ್ ಕಂಪ್ಯೂಟರ್ ಇವೆ. ಆದರೆ ಡಿಸೈನ್ ಫೈಲ್‌ಗಳೆಲ್ಲ ಇರುವುದು ಮೂರನೆಯ ಒಂದು ಹಳೆಯ ಕಂಪ್ಯೂಟರ್‌ನಲ್ಲಿ. ಅದಕ್ಕೆ ಉಬುಂಟು 22.04 ಲಿನಕ್ಸ್ ಹಾಕಿ, ವಿಂಡೋಸ್‌ಗೂ ಕಾಣುವಂತೆ ಸಾಂಬಾ ಮೂಲಕ ಫೋಲ್ಡರ್ ಹಂಚಿದ್ದೇನೆ. ಮೊದಲು ಅದರಲ್ಲಿ 1 ಟಿಬಿ ಹಾರ್ಡ್ ಡಿಸ್ಕ್ ಇತ್ತು. ಎರಡು ತಿಂಗಳ ಹಿಂದೆ ಅದನ್ನು ತೆಗೆದು 500 ಜಿಬಿ ಸಾಟಾ ಎಸ್‌ಎಸ್‌ಡಿ ಹಾಕಿದೆ.

ಅಂದಿನಿಂದ ತೊಂದರೆ ಶುರು. ಡಿಸೈನ್ ಸೇವ್ ಮಾಡುವಾಗ ಎರಡೂ ವಿಂಡೋಸ್ ಕಂಪ್ಯೂಟರ್ ಗಕ್ಕನೆ ನಿಲ್ಲುತ್ತವೆ. ಕೆಲವು ಸಲ ನಾಲ್ಕೈದು ಸೆಕೆಂಡ್. ಕೆಲವು ಸಲ ಅರ್ಧ ನಿಮಿಷ. ಆಮೇಲೆ ತಾನಾಗೇ ಸರಿ ಹೋಗುತ್ತದೆ. ಸರ್ವರ್‌ನ ಕರ್ನಲ್ ಲಾಗ್ (ಲಿನಕ್ಸ್‌ನ ತಿರುಳು ಬರೆದಿಡುವ ದಾಖಲೆ) ತೆಗೆದು ನೋಡಿದರೆ ಎಟಿಎ3 ಅಂತ ಶುರುವಾಗುವ ಸಾಲುಗಳು ತುಂಬಾ ಇವೆ. ಫೇಲ್ಡ್ ಕಮಾಂಡ್, ರೈಟ್ ಎಫ್‌ಪಿಡಿಎಂಎ ಕ್ಯೂಡ್, ಅದರ ಕೆಳಗೆ ಹಾರ್ಡ್ ರಿಸೆಟಿಂಗ್ ಲಿಂಕ್.

ಅಂಗಡಿಯವರು ಒಮ್ಮೆ ಡಿಸ್ಕ್ ಬದಲಿಸಿ ಕೊಟ್ಟರು. ಎರಡನೆಯದೂ ಹಾಗೇ ಮಾಡುತ್ತಿದೆ. ಕಂಪನಿ ಹೆಸರು ಬರೆಯುವುದಿಲ್ಲ, ತಪ್ಪು ಯಾರದು ಅಂತ ಇನ್ನೂ ಗೊತ್ತಿಲ್ಲವಲ್ಲ. ಇದರಲ್ಲಿ ನಮ್ಮಪ್ಪ ಹನ್ನೆರಡು ವರ್ಷ ಕೂತು ಮಾಡಿದ ಸೆರಗು, ಅಂಚಿನ ಡಿಸೈನ್‌ಗಳಿವೆ. ಅದಕ್ಕೇ ಭಯ. ಏನು ಮಾಡಲಿ?

ಜಮಖಂಡಿ ನೆಟ್

ಎರಡೂ ಡಿಸ್ಕ್ ಒಂದೇ ಲಾಟಿನವು ಇರಬೇಕು. ದುಡ್ಡು ವಾಪಸ್ ತಗೊಂಡು ಬೇರೆ ಕಂಪನಿಯದು ಹಾಕಿ. ಲಿಂಕ್ ರಿಸೆಟ್ ಬರುತ್ತಿದೆ ಅಂದರೆ ಡಿಸ್ಕ್ ಸಾಯುತ್ತಿದೆ ಅಂತಲೇ ಅರ್ಥ. ಸುಮ್ನೆ ಸಮಯ ಹಾಳು ಮಾಡಬೇಡಿ.

ನವನಗರ ಸರ್ವಿಸ್

ತಮ್ಮಾ, ಅವಸರ ಬೇಡ. ರೈಟ್ ಎಫ್‌ಪಿಡಿಎಂಎ ಕ್ಯೂಡ್ ಅಂದರೆ ಡಿಸ್ಕ್‌ಗೆ ಸಾಲಿನಲ್ಲಿ ಕಳಿಸಿದ ಬರೆಯುವ ಕಮಾಂಡ್. ಲಿಂಕ್ ರಿಸೆಟ್ ಅಂದರೆ ಡಿಸ್ಕ್ ಸತ್ತಿದೆ ಅಂತ ಅಲ್ಲ. ಡಿಸ್ಕ್ ಮತ್ತು ಬೋರ್ಡ್ ನಡುವಿನ ಮಾತು ಕಡಿದು ಹೋಯಿತು, ಕರ್ನಲ್ ಅದನ್ನು ಮತ್ತೆ ಜೋಡಿಸಿತು ಅಂತ ಅಷ್ಟೇ. ಕಡಿಯಲು ಕಾರಣ ಕೇಬಲ್ ಇರಬಹುದು, ಪವರ್ ಇರಬಹುದು, ಬೋರ್ಡ್‌ನ ಕಂಟ್ರೋಲರ್ ಇರಬಹುದು, ಡಿಸ್ಕ್‌ನ ಫರ್ಮ್‌ವೇರ್, ಅಂದರೆ ಅದರೊಳಗಿನ ಸಾಫ್ಟ್‌ವೇರ್, ಇರಬಹುದು. ಬಾಗಲಕೋಟೆಯಲ್ಲಿ ನನ್ನ ಮೇಜಿಗೆ ಡಿಸ್ಕ್ ಕೆಟ್ಟಿದೆ ಅಂತ ಬರುವುದರಲ್ಲಿ ಎಷ್ಟೋ ಬರೀ ಕೇಬಲ್ ತೊಂದರೆ.

ನೀವು ಬರೆದದ್ದರಲ್ಲಿ ಒಂದು ಮಾತು ನನಗೆ ಮುಖ್ಯ ಅನ್ನಿಸಿತು. ಕೆಲವು ಸಲ ನಾಲ್ಕೈದು ಸೆಕೆಂಡ್, ಕೆಲವು ಸಲ ಅರ್ಧ ನಿಮಿಷ. ಇವು ಎರಡು ಬೇರೆ ಬೇರೆ ರೋಗ ಇರಬಹುದು. ಡಿಸ್ಕ್‌ಗೆ ಕಳಿಸಿದ ಕಮಾಂಡ್‌ಗೆ ಉತ್ತರ ಬರದಿದ್ದರೆ ಲಿನಕ್ಸ್ ಸಾಮಾನ್ಯವಾಗಿ 30 ಸೆಕೆಂಡ್ ಕಾಯುತ್ತದೆ, ಆಮೇಲೆ ರಿಸೆಟ್ ಮಾಡುತ್ತದೆ. ಹಾಗಾಗಿ ಅರ್ಧ ನಿಮಿಷ ನಿಂತಿತು ಅಂದರೆ ಡಿಸ್ಕ್ ಉತ್ತರವನ್ನೇ ಕೊಟ್ಟಿಲ್ಲ. ನಾಲ್ಕೈದು ಸೆಕೆಂಡ್ ನಿಂತಿತು ಅಂದರೆ ಉತ್ತರ ಬಂದಿದೆ, ಆದರೆ ಡೇಟಾ ದಾರಿಯಲ್ಲಿ ಕೆಟ್ಟಿದೆ.

ಲಾಗ್‌ನಲ್ಲಿ ಪ್ರತಿ ಫೇಲ್ಡ್ ಕಮಾಂಡ್ ಕೆಳಗಿನ ಸಾಲು ನೋಡಿ. ಐಸಿಆರ್‌ಸಿ ಅಂತ ಇದೆಯಾ, ಟೈಮ್‌ಔಟ್ ಅಂತ ಇದೆಯಾ? ಐಸಿಆರ್‌ಸಿ ಅಂದರೆ ಡೇಟಾ ದಾರಿಯಲ್ಲಿ ಕೆಟ್ಟಿದೆ ಅಂತ, ಅದು ಇದ್ದರೆ ಕೇಬಲ್ ಕಡೆ ಕೈ ಹಾಕಿ. ಸ್ಮಾರ್ಟ್ ಮಾಹಿತಿಯಲ್ಲಿ, ಅಂದರೆ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಲೆಕ್ಕದಲ್ಲಿ, 199ನೆಯ ಅಂಕಿ ಕೂಡ ಬರೆದು ಕಳಿಸಿ, ಅದು ಸಿಆರ್‌ಸಿ ತಪ್ಪುಗಳ ಲೆಕ್ಕ. 5, 197, 198 ಕೂಡ ಇರಲಿ, ಅವು ಡಿಸ್ಕ್‌ನೊಳಗೆ ಕೆಟ್ಟ ಜಾಗದ ಲೆಕ್ಕ.

ಎಲ್ಲಕ್ಕೂ ಮೊದಲು ಬ್ಯಾಕಪ್. ಅದು ಆಗುವ ತನಕ ಉಳಿದ ಯಾವುದನ್ನೂ ಮುಟ್ಟಬೇಡಿ.

ಬನಹಟ್ಟಿ ಮಗ್ಗ

ಅಣ್ಣಾ, ನೀವು ಹೇಳಿದ್ದು ಸರಿ. ಎರಡೂ ಇವೆ! ಜಾಸ್ತಿ ಇರುವುದು ಐಸಿಆರ್‌ಸಿ. ದಿನಾ ಒಂದೆರಡು ಸಲ. ಟೈಮ್‌ಔಟ್ ಕಡಿಮೆ. 199ರಲ್ಲಿ 41 ಅಂತ ತೋರಿಸುತ್ತಿದೆ. 5, 197 ಎರಡೂ ಸೊನ್ನೆ. 198 ಈ ಡಿಸ್ಕ್‌ನ ಪಟ್ಟಿಯಲ್ಲೇ ಇಲ್ಲ.

ಬ್ಯಾಕಪ್‌ಗೆ ಹೊರಗಿನ ಯುಎಸ್‌ಬಿ ಡಿಸ್ಕ್ ಹಚ್ಚಿದೆ. ಹತ್ತು ನಿಮಿಷ ಕಾಪಿ ಆಗಿ ಅದೂ ನಿಂತಿತು! ಲಾಗ್‌ನಲ್ಲಿ ಯುಎಎಸ್ ಅಬಾರ್ಟ್ ಅಂತ ಬಂತು. ಈಗ ನಿಜವಾಗಿ ಕೈಕಾಲು ಆಡುತ್ತಿಲ್ಲ. ಬೋರ್ಡೇ ಕೆಟ್ಟಿದೆಯಾ?

ಉದ್ಯಮಬಾಗ್ ಮೇಂಟೆನೆನ್ಸ್

ಗಾಬರಿ ಆಗಬೇಡ ತಮ್ಮಾ. ನಾನು ಬೆಳಗಾವಿಯ ಉದ್ಯಮಬಾಗ್‌ನಲ್ಲಿ ಮೆಷಿನ್‌ಗಳ ಕಂಪ್ಯೂಟರ್ ನೋಡಿಕೊಳ್ಳುತ್ತೇನೆ. ಸ್ಕಸಿ ಡಿಸ್ಕ್‌ಗಳ ಕಾಲದಿಂದ ಈ ಕಮಾಂಡ್ ಕ್ಯೂ ಜೊತೆ ಜಗಳ ಆಡಿದ್ದೇನೆ.

ಯುಎಸ್‌ಬಿ ಡಿಸ್ಕ್ ನಿಂತದ್ದು ಬೇರೆ ಕಥೆ. ಹೊರಗಿನ ಡಿಸ್ಕ್‌ನ ಡಬ್ಬಿಯೊಳಗೆ ಒಂದು ಸಣ್ಣ ಚಿಪ್ ಇರುತ್ತದೆ. ಅದು ಯುಎಸ್‌ಬಿ ಭಾಷೆಯನ್ನು ಸಾಟಾ ಭಾಷೆಗೆ ತಿರುಗಿಸುತ್ತದೆ. ಹಳೆಯ ಪದ್ಧತಿಯಲ್ಲಿ ಒಂದು ಕಮಾಂಡ್ ಮುಗಿದ ಮೇಲೆ ಇನ್ನೊಂದು. ಯುಎಎಸ್ ಅನ್ನುವ ಹೊಸ ಪದ್ಧತಿಯಲ್ಲಿ ಹಲವು ಕಮಾಂಡ್ ಒಟ್ಟಿಗೆ ಸಾಲಿನಲ್ಲಿ ಹೋಗುತ್ತವೆ. ಕೆಲವು ಚಿಪ್‌ಗಳಿಗೆ ಆ ಸಾಲು ಸಂಭಾಳಿಸಲು ಬರುವುದಿಲ್ಲ. ಆ ಡಬ್ಬಿಗೆ ಮಾತ್ರ ಯುಎಎಸ್ ಬಿಡಿಸಬಹುದು. ಎಲ್‌ಎಸ್‌ಯುಎಸ್‌ಬಿ ಕಮಾಂಡ್ ಕೊಟ್ಟರೆ ಡಬ್ಬಿಯ ಎರಡು ನಂಬರ್ ಸಿಗುತ್ತವೆ, ನಡುವೆ ಕೋಲನ್ ಇರುತ್ತದೆ. ಮಾಡ್‌ಪ್ರೋಬ್ ಫೋಲ್ಡರ್‌ನಲ್ಲಿ ಒಂದು ಫೈಲ್ ಮಾಡಿ, ಯುಎಸ್‌ಬಿ ಸ್ಟೋರೇಜ್ ಮಾಡ್ಯೂಲ್‌ನ ಕ್ವರ್ಕ್ಸ್ ಆಯ್ಕೆಗೆ ಆ ಎರಡು ನಂಬರ್, ಮತ್ತೆ ಕೋಲನ್, ಕೊನೆಗೆ ಸಣ್ಣ ಯು ಅಕ್ಷರ ಬರೆದು ಸೇವ್ ಮಾಡು. ಇನಿಶಿಯಲ್ ರ‍್ಯಾಮ್ ಡಿಸ್ಕ್ ಅಪ್‌ಡೇಟ್ ಮಾಡಿ ರೀಬೂಟ್ ಮಾಡು. ವೇಗ ಕಡಿಮೆ ಆಗುತ್ತದೆ. ಆಗಲಿ, ಕಾಪಿ ಪೂರ್ತಿ ಆಗುವುದು ಮುಖ್ಯ ಅಲ್ವಾ?

ಇನ್ನೊಂದು ಮಾತು. ತೆಗೆದ ಹಳೆಯ ಹಾರ್ಡ್ ಡಿಸ್ಕ್ ಎಲ್ಲಿದೆ? ಅದನ್ನು ಯಾರಿಗೂ ಕೊಡಬೇಡ, ಅಳಿಸಬೇಡ. ಎರಡು ತಿಂಗಳ ಹಿಂದಿನ ತನಕದ ಎಲ್ಲಾ ಡಿಸೈನ್ ಅದರಲ್ಲಿ ಭದ್ರವಾಗಿದೆ.

ಬನಹಟ್ಟಿ ಮಗ್ಗ

ಕಾಕಾ, ಹಳೆಯ ಡಿಸ್ಕ್ ತಿಜೋರಿಯಲ್ಲೇ ಇದೆ. ಅಪ್ಪನೇ ಎತ್ತಿಟ್ಟಿದ್ದಾರೆ. ನೀವು ಹೇಳಿದಂತೆ ಮಾಡಿದೆ. ರಾತ್ರಿ ಹತ್ತಕ್ಕೆ ಶುರು ಮಾಡಿದ ಕಾಪಿ ಒಂದೂ ತಪ್ಪಿಲ್ಲದೆ ಮುಗಿಯಿತು. ಬೆಳಗ್ಗೆ ಅಪ್ಪನ ಕೈಯಲ್ಲೇ ನಾಲ್ಕೈದು ಫೈಲ್ ತೆರೆಸಿ ನೋಡಿದೆ. ಸರಿಯಾಗಿವೆ.

ವಿದ್ಯಾಗಿರಿ ಹುಡುಗ

ನಾನು ಇಂಜಿನಿಯರಿಂಗ್ ಎರಡನೇ ವರ್ಷ. ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಎನ್‌ಸಿಕ್ಯೂ ಅಂತ ಎಲ್ಲ ಕಡೆ ಓದುತ್ತೇನೆ. ಡಿಸ್ಕ್‌ಗೆ ಹೋಗುವ ಕಮಾಂಡ್‌ಗಳನ್ನು 32ರ ತನಕ ಸಾಲಿನಲ್ಲಿ ಇಡುವುದು ಅಂತ ಗೊತ್ತು. ಆದರೆ ಒಂದು ಕಮಾಂಡ್ ತಪ್ಪಿದರೆ ಇಡೀ ಸರ್ವರ್ ಯಾಕೆ ನಿಲ್ಲಬೇಕು? ಉಳಿದ 31 ನಡೆಯಬಹುದಲ್ಲ?

ಉದ್ಯಮಬಾಗ್ ಮೇಂಟೆನೆನ್ಸ್

ಒಳ್ಳೆ ಪ್ರಶ್ನೆ. ಬನಹಟ್ಟಿಯವರ ಚರ್ಚೆ ಇದು, ಸೀರೆ ಅಂಗಡಿಯಲ್ಲೇ ಹೇಳುತ್ತೇನೆ.

ಅಂಗಡಿಯಲ್ಲಿ ಗೋಡೆ ತುಂಬಾ ಕಪಾಟು. ಏಣಿ ಹತ್ತಿ ಸೀರೆ ತೆಗೆಯಲು ಒಬ್ಬ ಹುಡುಗ. ಗಿರಾಕಿ ಒಂದು ಸೀರೆ ಕೇಳುತ್ತಾರೆ. ಹುಡುಗ ಹತ್ತಿ, ತೆಗೆದು, ಇಳಿದು ಕೊಡುತ್ತಾನೆ. ಮತ್ತೊಂದು ಕೇಳುತ್ತಾರೆ. ಮತ್ತೆ ಹತ್ತುತ್ತಾನೆ. ಇದು ಹಳೆಯ ಪದ್ಧತಿ. ಎನ್‌ಸಿಕ್ಯೂ ಬಂದ ಮೇಲೆ 32 ಚೀಟಿ ಒಟ್ಟಿಗೆ ಕೊಡಬಹುದು. ಪ್ರತಿ ಚೀಟಿಗೂ 0ಯಿಂದ 31ರ ತನಕ ಒಂದು ನಂಬರ್. ಹುಡುಗ ಎಲ್ಲಾ ಚೀಟಿ ನೋಡಿ, ಒಂದೇ ಏಣಿಗೆ ಮೇಲಿನ ಖಾನೆಯ ಮೂರು ಸೀರೆ ತೆಗೆದು ತರುತ್ತಾನೆ. ಕೇಳಿದ ಕ್ರಮದಲ್ಲಿ ಕೊಡುವುದಿಲ್ಲ, ಸಿಕ್ಕ ಕ್ರಮದಲ್ಲಿ ಕೊಡುತ್ತಾನೆ. ಚೀಟಿಯ ನಂಬರ್ ಇರುವುದರಿಂದ ಯಾವ ಸೀರೆ ಯಾರದು ಅಂತ ಗೊಂದಲ ಇಲ್ಲ. ಹಾರ್ಡ್ ಡಿಸ್ಕ್‌ನಲ್ಲಿ ಇದರ ಲಾಭ ದೊಡ್ಡದು. ನಿಮಿಷಕ್ಕೆ 7200 ಸುತ್ತು ತಿರುಗುವ ಡಿಸ್ಕ್‌ಗೆ ಒಂದು ಸುತ್ತಿಗೆ 8.3 ಮಿಲಿಸೆಕೆಂಡ್ ಬೇಕು. ಸುತ್ತು ಉಳಿಸಿದಷ್ಟೂ ವೇಗ.

ಎಸ್‌ಎಸ್‌ಡಿಯಲ್ಲಿ ಏಣಿ ಇಲ್ಲ. ಆದರೆ ಒಳಗೆ ಹಲವು ಫ್ಲ್ಯಾಶ್ ಚಿಪ್ ಇವೆ, ಅಂದರೆ ಹುಡುಗರು ಹಲವರು. ಚೀಟಿ ಒಂದೊಂದೇ ಕೊಟ್ಟರೆ ಒಬ್ಬ ಕೆಲಸ ಮಾಡುತ್ತಾನೆ, ಉಳಿದವರು ನಿಂತಿರುತ್ತಾರೆ.

ಈಗ ನಿನ್ನ ಪ್ರಶ್ನೆ. ಸಾಟಾ ನಿಯಮದಲ್ಲಿ, ಸಾಲಿನಲ್ಲಿರುವ ಒಂದು ಕಮಾಂಡ್ ತಪ್ಪಿದರೆ ಡಿಸ್ಕ್ ಇಡೀ ಸಾಲನ್ನೇ ಕೈಬಿಡುತ್ತದೆ. ಒಂದು ಚೀಟಿ ಹರಿದರೆ ಎಲ್ಲಾ ಚೀಟಿ ವಾಪಸ್. ಆಮೇಲೆ ಕರ್ನಲ್ ಡಿಸ್ಕ್‌ನ ಒಂದು ಲಾಗ್ ಪುಟ ಓದಿ, ಯಾವ ನಂಬರಿನ ಚೀಟಿ ಹರಿಯಿತು ಅಂತ ಕೇಳುತ್ತದೆ. ನಂತರ ಉಳಿದವನ್ನು ಮತ್ತೆ ಕಳಿಸುತ್ತದೆ. ಇದು ಬೇಗ ಆಗುತ್ತದೆ. ಡಿಸ್ಕ್ ಉತ್ತರವನ್ನೇ ಕೊಡದೆ ಕೂತರೆ ಮಾತ್ರ 30 ಸೆಕೆಂಡ್ ಕಾದು, ಲಿಂಕ್ ರಿಸೆಟ್ ಮಾಡಬೇಕು. ಅಷ್ಟು ಹೊತ್ತು ಉಳಿದ ಎಲ್ಲರೂ ಬಾಗಿಲಲ್ಲಿ.

ವಿದ್ಯಾಗಿರಿ ಹುಡುಗ

ಈಗ ಅರ್ಥ ಆಯಿತು ಸರ್. ತುಂಬಾ ಧನ್ಯವಾದ.

ಸ್ಟೇಷನ್ ರೋಡ್ ಸ್ಟುಡಿಯೋ

ವಿಜಯಪುರದಿಂದ ಬರೆಯುತ್ತಿದ್ದೇನೆ. ನನ್ನದು ಫೋಟೋ ಸ್ಟುಡಿಯೋ. ಮದುವೆ ಸೀಸನ್‌ನಲ್ಲಿ ನಮ್ಮ ಎಡಿಟಿಂಗ್ ಕಂಪ್ಯೂಟರ್ ಹೀಗೇ ನಿಲ್ಲುತ್ತದೆ. ಆದರೆ ನಮ್ಮದು ವಿಂಡೋಸ್. ಇವೆಂಟ್ ವ್ಯೂವರ್‌ನಲ್ಲಿ 129 ಅಂತ ಎಚ್ಚರಿಕೆ ಬರುತ್ತದೆ, ರಿಸೆಟ್ ಟು ಡಿವೈಸ್ ಅಂತ. ಕೆಲವೊಮ್ಮೆ 153. ಇದೂ ಅದೇ ರೋಗವಾ? ಡಿಸ್ಕ್ ಚೆಕ್ ಮಾಡಿಸಿದೆ, ಎಲ್ಲಾ ಸರಿ ಇದೆ ಅಂದರು.

ನವನಗರ ಸರ್ವಿಸ್

ಅಕ್ಕಾ, ಹೆಸರು ಬೇರೆ, ರೋಗ ಒಂದೇ ಜಾತಿಯದು. 129 ಅಂದರೆ ಡಿಸ್ಕ್ ಹೊತ್ತಿಗೆ ಉತ್ತರ ಕೊಡಲಿಲ್ಲ, ವಿಂಡೋಸ್ ರಿಸೆಟ್ ಮಾಡಿತು. 153 ಅಂದರೆ ಒಂದು ಓದು ಅಥವಾ ಬರಹವನ್ನು ಮತ್ತೆ ಪ್ರಯತ್ನಿಸಬೇಕಾಯಿತು.

ಡಿವೈಸ್ ಮ್ಯಾನೇಜರ್ ತೆರೆದು ಐಡಿಇ ಎಟಿಎ ಕಂಟ್ರೋಲರ್ ಅನ್ನುವ ಕಡೆ ನೋಡಿ. ಅಲ್ಲಿ ಸ್ಟ್ಯಾಂಡರ್ಡ್ ಸಾಟಾ ಎಎಚ್‌ಸಿಐ ಕಂಟ್ರೋಲರ್ ಅಂತ ಇದೆಯಾ, ಬೋರ್ಡ್ ಕಂಪನಿಯವರ ಹೆಸರಿನ ಡ್ರೈವರ್ ಇದೆಯಾ? ಎಎಚ್‌ಸಿಐ ಅಂದರೆ ಬೋರ್ಡ್ ಸಾಟಾ ಡಿಸ್ಕ್ ಜೊತೆ ಮಾತಾಡುವ ಪದ್ಧತಿ. ಹಳೆಯ ಬೋರ್ಡ್, ಹೊಸ ಎಸ್‌ಎಸ್‌ಡಿ, ಮಧ್ಯೆ ಎಷ್ಟೋ ವರ್ಷ ಹಳೆಯ ಕಂಪನಿ ಡ್ರೈವರ್. ಈ ಮೂರು ಸೇರಿದಾಗ ಇಂಥದ್ದು ನಾನು ಹಲವು ಸಲ ನೋಡಿದ್ದೇನೆ. ರೇಡ್ (ಹಲವು ಡಿಸ್ಕ್ ಜೋಡಿಸಿ ಒಂದರಂತೆ ಬಳಸುವುದು) ಬಳಸುತ್ತಿಲ್ಲ ಅಂತ ಮೊದಲು ಖಚಿತ ಮಾಡಿಕೊಳ್ಳಿ. ಬಳಸುತ್ತಿಲ್ಲ ಅಂದರೆ ಡ್ರೈವರ್ ಅಪ್‌ಡೇಟ್‌ಗೆ ಹೋಗಿ, ಕಂಪ್ಯೂಟರ್‌ನಲ್ಲೇ ಇರುವ ಪಟ್ಟಿಯಿಂದ ಆರಿಸಿ ಅಂತ ಕೊಟ್ಟು, ವಿಂಡೋಸ್‌ನ ಸ್ಟ್ಯಾಂಡರ್ಡ್ ಎಎಚ್‌ಸಿಐ ಡ್ರೈವರ್ ಹಾಕಿ.

ಉದ್ಯಮಬಾಗ್ ಮೇಂಟೆನೆನ್ಸ್

ಇದಕ್ಕೆ ಒಂದು ಸೇರಿಸುತ್ತೇನೆ. ಡ್ರೈವರ್ ಸರಿ ಇದ್ದರೂ ಲಿಂಕ್ ಪವರ್ ಮ್ಯಾನೇಜ್‌ಮೆಂಟ್‌ನಿಂದ 129 ಬರುತ್ತದೆ. ಕೆಲಸ ಇಲ್ಲದಾಗ ಸಾಟಾ ಲಿಂಕ್ ನಿದ್ದೆ ಮಾಡುತ್ತದೆ. ಎಬ್ಬಿಸಿದಾಗ ಕೆಲವು ಡಿಸ್ಕ್ ಏಳುವುದೇ ಇಲ್ಲ. ಪವರ್ ಪ್ಲಾನ್‌ನಲ್ಲಿ ಹೈ ಪರ್ಫಾರ್ಮೆನ್ಸ್ ಹಾಕಿ ಒಂದು ವಾರ ನೋಡಿ. ಲಿನಕ್ಸ್‌ನಲ್ಲೂ ಇದು ಇದೆ, ಅಲ್ಲಿ ಮ್ಯಾಕ್ಸ್ ಪರ್ಫಾರ್ಮೆನ್ಸ್ ಅಂತ ಆಯ್ಕೆ ಕೊಡಬೇಕು.

ಮತ್ತೆ ಅಕ್ಕಾರೇ, ಯಾರಾದರೂ ಬಯಾಸ್‌ಗೆ ಹೋಗಿ ಎಎಚ್‌ಸಿಐ ಬದಲು ಹಳೆಯ ಐಡಿಇ ಪದ್ಧತಿ ಮಾಡಿ ಅಂದರೆ ಹಾಗೇ ಮಾಡಬೇಡಿ. ಐಡಿಇ ಮಾಡಿದರೆ ಎನ್‌ಸಿಕ್ಯೂ ಹೋಗುತ್ತದೆ ನಿಜ. ಆದರೆ ವಿಂಡೋಸ್ ಬೂಟ್ ಆಗದೆ ನೀಲಿ ಪರದೆ ಬರಬಹುದು, ಬೂಟ್ ಡಿವೈಸ್ ಸಿಗಲಿಲ್ಲ ಅಂತ, 7ಬಿ ನಂಬರಿನದು. ಆ ಮೋಡ್ ಬದಲಿಸಲೇಬೇಕಾದರೆ ಮೊದಲು ಸೇಫ್ ಮೋಡ್‌ನಲ್ಲಿ ಬೂಟ್ ಆಗುವಂತೆ ಇಟ್ಟು, ಆಮೇಲೆ ಬಯಾಸ್ ಬದಲಿಸಿ, ಒಮ್ಮೆ ಸೇಫ್ ಮೋಡ್ ನೋಡಿ, ನಂತರ ಸಾಮಾನ್ಯ ಬೂಟ್‌ಗೆ ತರಬೇಕು.

ಸ್ಟೇಷನ್ ರೋಡ್ ಸ್ಟುಡಿಯೋ

ಬೋರ್ಡ್ ಕಂಪನಿಯ ಡ್ರೈವರೇ ಇದೆ. 2012ರದು! ರೇಡ್ ಇಲ್ಲ. ಗಿರಾಕಿಗಳ ಆಲ್ಬಮ್ ಕೊಟ್ಟು ಮುಗಿಸಿ, ಭಾನುವಾರ ಬದಲಿಸಿ ತಿಳಿಸುತ್ತೇನೆ.

ಬನಹಟ್ಟಿ ಮಗ್ಗ

ನನ್ನ ಕಡೆಯ ಸುದ್ದಿ. ಸರ್ವರ್‌ನ ಡಬ್ಬಿ ಬಿಚ್ಚಿದೆ. ಒಳಗೆ ಹತ್ತಿಯ ಧೂಳು ಹಾಸಿಗೆಯಂತೆ ಕೂತಿತ್ತು. ಎಸ್‌ಎಸ್‌ಡಿಯ ಸಾಟಾ ಕೇಬಲ್ ಹಳೆಯದು, ಕ್ಲಿಪ್ ಇಲ್ಲದ್ದು. ಮುಚ್ಚಳಕ್ಕೆ ತಾಗಿ ಚೂಪಾಗಿ ಮಡಚಿತ್ತು. ಪವರ್ ಕೂಡ ಒಂದು ಕನ್ವರ್ಟರ್ ತಂತಿಯ ಮೂಲಕ ಬರುತ್ತಿತ್ತು. ಧೂಳು ಊದಿ, ಕ್ಲಿಪ್ ಇರುವ ಗಿಡ್ಡ ಕೇಬಲ್ ಹಾಕಿ, ಪವರ್ ನೇರ ಎಸ್‌ಎಂಪಿಎಸ್‌ನಿಂದ ಕೊಟ್ಟೆ.

ಐದು ದಿನ ಆಯಿತು. 199 ಇನ್ನೂ 41ರಲ್ಲೇ ಇದೆ. ದಿನದ ಸಣ್ಣ ನಿಲುಗಡೆ ಪೂರ್ತಿ ನಿಂತಿದೆ. ಅಪ್ಪನಿಗೆ ಖುಷಿ.

ಆದರೆ ಇವತ್ತು ಬೆಳಗ್ಗೆ ಆ ಅರ್ಧ ನಿಮಿಷದ್ದು ಮತ್ತೆ ಬಂತು. ಒಂದರ ಹಿಂದೆ ಒಂದು ನಾಲ್ಕೈದು ಸಲ. ಆಮೇಲೆ ಇಡೀ ದಿನ ಏನೂ ಇಲ್ಲ.

ಜಮಖಂಡಿ ನೆಟ್

199 ಏರದೇ ನಿಂತಿದೆ ಅಂದರೆ ಕೇಬಲ್ ತೊಂದರೆ ಇದ್ದದ್ದು ನಿಜ. ನಾನು ಡಿಸ್ಕ್ ಬದಲಿಸಿ ಅಂದದ್ದು ತಪ್ಪಾಯಿತು. ಈಗ ಉಳಿದದ್ದಕ್ಕೆ ಎನ್‌ಸಿಕ್ಯೂ ಪೂರ್ತಿ ಬಂದ್ ಮಾಡಿಬಿಡಿ, ಬೂಟ್ ಆಗುವಾಗ ಕರ್ನಲ್‌ಗೆ ಕೊಡುವ ಆಯ್ಕೆಗಳಲ್ಲಿ ಒಂದು ಸೇರಿಸಿದರೆ ಆಯಿತು. ಎಷ್ಟೋ ಕಡೆ ಇದೇ ಪರಿಹಾರ ಬರೆದಿದ್ದಾರೆ.

ನವನಗರ ಸರ್ವಿಸ್

ಬಂದ್ ಮಾಡಿದರೆ ನಿಲುಗಡೆ ಹೋಗಬಹುದು. ಆದರೆ ಎರಡು ಕಂಪ್ಯೂಟರ್ ಒಟ್ಟಿಗೆ ಸಣ್ಣ ಸಣ್ಣ ಫೈಲ್ ಬರೆಯುವ ಸರ್ವರ್ ಅದು. ಸಾಲು ತೆಗೆದರೆ ಅಲ್ಲೇ ವೇಗ ಬೀಳುತ್ತದೆ. ಒಂದೇ ದೊಡ್ಡ ಫೈಲ್ ಕಾಪಿ ಮಾಡಿದರೆ ವ್ಯತ್ಯಾಸ ಅಷ್ಟು ಕಾಣುವುದಿಲ್ಲ. ಇಂಥ ಕೆಲಸದಲ್ಲಿ ಕಾಣುತ್ತದೆ. ಕಾರಣ ತಿಳಿಯದೆ ಅಷ್ಟು ಬಿಟ್ಟುಕೊಡಲು ನನಗೆ ಮನಸ್ಸಿಲ್ಲ.

ತಮ್ಮಾ, ಇವತ್ತು ಸೋಮವಾರ. ಹಿಂದಿನ ಅರ್ಧ ನಿಮಿಷದ ನಿಲುಗಡೆಗಳು ಯಾವ ಯಾವ ದಿನ ಬಂದಿವೆ? ಲಾಗ್‌ನಲ್ಲಿ ತಾರೀಕು ಇರುತ್ತದೆ, ಟೈಮ್‌ಔಟ್ ಇರುವ ಸಾಲುಗಳನ್ನು ಮಾತ್ರ ನೋಡಿ. ಮತ್ತು ಅಲ್ಲಿ ಫೇಲ್ ಆದದ್ದು ರೈಟ್ ಕಮಾಂಡಾ, ಬೇರೆ ಯಾವುದಾದರೂ ಇದೆಯಾ? ಒಂದೊಂದು ಅಕ್ಷರ ನೋಡಿ ಬರೆಯಿರಿ.

ಬನಹಟ್ಟಿ ಮಗ್ಗ

ಅಣ್ಣಾ, ಮೈ ಜುಮ್ ಅಂತು. ಎಲ್ಲವೂ ಸೋಮವಾರ! ಎಂಟು ವಾರ, ಎಂಟು ಸೋಮವಾರ. ಎಲ್ಲಾ ಬೆಳಗ್ಗೆಯೇ, ಸರ್ವರ್ ಚಾಲೂ ಮಾಡಿದ ಮೇಲೆ. ಭಾನುವಾರ ನಮಗೆ ರಜೆ, ಶನಿವಾರ ರಾತ್ರಿ ಬಂದ್ ಮಾಡಿ ಹೋಗುತ್ತೇವೆ.

ಕಮಾಂಡ್ ಕೂಡ ಬೇರೆ. ಮೊದಲ ಸಾಲು ಸೆಂಡ್ ಎಫ್‌ಪಿಡಿಎಂಎ ಕ್ಯೂಡ್ ಅಂತ ಇದೆ. ನಾನು ಇಷ್ಟು ದಿನ ರೈಟ್ ಅಂತಲೇ ಓದಿಕೊಂಡಿದ್ದೆ. ಕೊನೆಯ ನಿಲುಗಡೆ ಆದ ಮೇಲೆ ಇನ್ನೊಂದು ಸಾಲು ಇದೆ. ತಪ್ಪುಗಳು ಜಾಸ್ತಿ ಆದವು, ಎನ್‌ಸಿಕ್ಯೂ ನಿಲ್ಲಿಸಿದ್ದೇನೆ ಅಂತ.

ಉದ್ಯಮಬಾಗ್ ಮೇಂಟೆನೆನ್ಸ್

ಸಿಕ್ಕಿತು!

ಸೆಂಡ್ ಎಫ್‌ಪಿಡಿಎಂಎ ಕ್ಯೂಡ್ ಅಂದರೆ ಇಲ್ಲಿ ಟ್ರಿಮ್. ಅಳಿಸಿದ ಫೈಲ್‌ಗಳ ಜಾಗ ಖಾಲಿ ಇದೆ ಅಂತ ಎಸ್‌ಎಸ್‌ಡಿಗೆ ತಿಳಿಸುವ ಕಮಾಂಡ್ ಅದು. ಉಬುಂಟು ವಾರಕ್ಕೊಮ್ಮೆ ತಾನಾಗೇ ಟ್ರಿಮ್ ಮಾಡುತ್ತದೆ. ವಾರಕ್ಕೊಮ್ಮೆ ಅಂದರೆ ಅದರ ಲೆಕ್ಕದಲ್ಲಿ ಭಾನುವಾರ ಕಳೆದು ಸೋಮವಾರ ಶುರುವಾಗುವ ನಡುರಾತ್ರಿ 12 ಗಂಟೆ. ಆಗ ಸರ್ವರ್ ಬಂದ್ ಇದ್ದರೆ, ಮುಂದೆ ಚಾಲೂ ಆದಾಗ ಬಾಕಿ ಕೆಲಸ ಮುಗಿಸುತ್ತದೆ. ನೀವು ಸೋಮವಾರ ಬೆಳಗ್ಗೆ ಸ್ವಿಚ್ ಒತ್ತುತ್ತೀರಿ, ಅದು ಟ್ರಿಮ್ ಶುರು ಮಾಡುತ್ತದೆ.

ಮೊದಲು ಟ್ರಿಮ್ ಸಾಲಿನಲ್ಲಿ ಹೋಗುತ್ತಿರಲಿಲ್ಲ. ಟ್ರಿಮ್ ಕಳಿಸಬೇಕಾದರೆ ಸಾಲಿನ ಎಲ್ಲಾ ಕಮಾಂಡ್ ಮುಗಿಯುವ ತನಕ ಕಾಯಬೇಕಿತ್ತು. ಅದು ತೊಂದರೆ ಅಂತ 2011ರ ಸಾಟಾ 3.1ರಲ್ಲಿ ಟ್ರಿಮ್ ಅನ್ನೂ ಸಾಲಿಗೆ ಸೇರಿಸಿದರು. ನಮ್ಮಿಂದ ಆಗುತ್ತದೆ ಅಂತ ಹೇಳಿಕೊಂಡು, ನಿಜವಾಗಿ ಬಂದಾಗ ಸಿಕ್ಕಿಬೀಳುವ ಫರ್ಮ್‌ವೇರ್‌ಗಳು ಕೆಲವು ಬಂದವು. ಲಿನಕ್ಸ್ ಕರ್ನಲ್‌ನ ಒಳಗೆ ಇಂಥ ಡಿಸ್ಕ್‌ಗಳ ಪಟ್ಟಿಯೇ ಇದೆ. 2015ರ ಹೊತ್ತಿಗೆ ಮೈಕ್ರಾನ್, ಕ್ರೂಶಿಯಲ್, ಸ್ಯಾಮ್‌ಸಂಗ್‌ನ ಕೆಲವು ಮಾದರಿಗಳಿಗೆ ಸಾಲಿನ ಟ್ರಿಮ್ ನಿಲ್ಲಿಸಿದರು. 2021ರಲ್ಲಿ ಸ್ಯಾಮ್‌ಸಂಗ್ 860, 870 ಮಾದರಿಗಳೂ ಸೇರಿದವು. ಇವು ಎಟಿಐ ಹೆಸರಿನ ಹಳೆಯ ಸಾಟಾ ಕಂಟ್ರೋಲರ್ ಜೊತೆ ಇದ್ದರೆ ಎನ್‌ಸಿಕ್ಯೂ ಪೂರ್ತಿ ಬೇಡ ಅಂತಲೂ ಬರೆದರು. ಅದೇ ಡಿಸ್ಕ್ ಬೇರೆ ಬೋರ್ಡ್‌ನಲ್ಲಿ ಎನ್‌ಸಿಕ್ಯೂ ಜೊತೆಗೇ ನಡೆಯುತ್ತದೆ. ಅದಕ್ಕೇ ನಾನು ಡಿಸ್ಕ್ ಒಂದನ್ನೇ ಬೈಯುವುದಿಲ್ಲ. ಇದು ಜೋಡಿಯ ತೊಂದರೆ.

ನಿನ್ನ ಡಿಸ್ಕ್ ಆ ಪಟ್ಟಿಯಲ್ಲಿ ಇಲ್ಲ ಅನ್ನಿಸುತ್ತದೆ. ಇದ್ದಿದ್ದರೆ ಕರ್ನಲ್ ಈ ಕಮಾಂಡ್ ಕಳಿಸುತ್ತಲೇ ಇರಲಿಲ್ಲ.

ಇಡೀ ದಿನ ಯಾಕೆ ಏನೂ ಆಗಲಿಲ್ಲ ಅಂತಲೂ ಈಗ ಗೊತ್ತಾಯಿತಲ್ಲ? ಕೆಲವು ಸಲ ಏಟು ತಿಂದ ಮೇಲೆ ಕರ್ನಲ್ ತಾನೇ ಎನ್‌ಸಿಕ್ಯೂ ಬಿಟ್ಟಿತು. ಮಂಗಳವಾರ ಚಾಲೂ ಮಾಡಿದಾಗ ಎನ್‌ಸಿಕ್ಯೂ ಮತ್ತೆ ಬಂತು, ಆದರೆ ಟ್ರಿಮ್ ಮುಂದಿನ ಸೋಮವಾರಕ್ಕೆ.

ನವನಗರ ಸರ್ವಿಸ್

ಕಾಕಾ ಹೇಳಿದ್ದು ನೂರಕ್ಕೆ ನೂರು ಹೊಂದುತ್ತದೆ. ಆದರೂ ಒಂದು ಪರೀಕ್ಷೆ ಮಾಡಿಯೇ ಬಿಡೋಣ. ಮಗ್ಗದ ಕೆಲಸ ಇಲ್ಲದ ಹೊತ್ತು ನೋಡಿ. ಬ್ಯಾಕಪ್ ಮತ್ತೆ ಹೊಸದಾಗಿ ತೆಗೆಯಿರಿ.

ಮೊದಲ ಸಲ: ರೀಬೂಟ್ ಮಾಡಿ. ಸಿಸ್ ಫೋಲ್ಡರ್‌ನಲ್ಲಿ ಬ್ಲಾಕ್, ಅದರೊಳಗೆ ನಿಮ್ಮ ಡಿಸ್ಕ್‌ನ ಹೆಸರಾದ ಎಸ್‌ಡಿಎ, ಅದರೊಳಗೆ ಡಿವೈಸ್, ಅಲ್ಲಿ ಕ್ಯೂ ಡೆಪ್ತ್ ಅನ್ನುವ ಫೈಲ್ ಇದೆ. ಅದರಲ್ಲಿ 32 ಇರುತ್ತದೆ. ರೂಟ್ ಆಗಿ ಅದಕ್ಕೆ 1 ಬರೆಯಿರಿ. ಈಗ ಸಾಲು ಇಲ್ಲ, ಒಂದೊಂದೇ ಚೀಟಿ. ಟ್ರಿಮ್ ಮಾಡಿಸುವ ಎಫ್‌ಎಸ್‌ಟ್ರಿಮ್ ಕಮಾಂಡ್ ಕೈಯಾರೆ ಓಡಿಸಿ. ನಿಲ್ಲಬಾರದು.

ಎರಡನೇ ಸಲ: ಮತ್ತೆ ರೀಬೂಟ್ ಮಾಡಿ. ಆ ಅಂಕಿ ತಾನಾಗೇ 32ಕ್ಕೆ ವಾಪಸ್ ಬಂದಿರುತ್ತದೆ. ಏನೂ ಬದಲಿಸದೆ ಎಫ್‌ಎಸ್‌ಟ್ರಿಮ್ ಓಡಿಸಿ. ಕಾಕಾ ಹೇಳಿದ್ದು ನಿಜವಾದರೆ ನಿಲ್ಲುತ್ತದೆ.

ನಡುವೆ ರೀಬೂಟ್ ತಪ್ಪಿಸಬೇಡಿ. ನಿಮ್ಮ ಡಿಸ್ಕ್‌ನ ಫೈಲ್ ಸಿಸ್ಟಂ ಇಎಕ್ಸ್‌ಟಿ4 ಇರಬೇಕು. ಅದು ಒಮ್ಮೆ ಟ್ರಿಮ್ ಮಾಡಿದ ಜಾಗ ನೆನಪಿಟ್ಟುಕೊಂಡು, ಎರಡನೆಯ ಸಲ ಸೊನ್ನೆ ಬೈಟ್ ಅಂತ ಹೇಳಿ ಸುಮ್ಮನಾಗುತ್ತದೆ. ಆಗ ತೊಂದರೆ ಹೋಯಿತು ಅಂತ ಮೋಸ ಹೋಗುತ್ತೇವೆ. ನಾನೂ ಹಿಂದೆ ಇದರಲ್ಲಿ ಒಂದು ಮಧ್ಯಾಹ್ನ ಕಳೆದಿದ್ದೇನೆ.

ಬನಹಟ್ಟಿ ಮಗ್ಗ

ನಿನ್ನೆ ರಾತ್ರಿ ಮಾಡಿದೆ. ಡೆಪ್ತ್ 1 ಇಟ್ಟಾಗ ಟ್ರಿಮ್ ಸುಸೂತ್ರ ಮುಗಿಯಿತು, ಲಾಗ್ ಸ್ವಚ್ಛ. 32 ಇದ್ದಾಗ ಶುರು ಮಾಡಿದ ತಕ್ಷಣ ನಿಂತಿತು. ಗಡಿಯಾರ ಹಿಡಿದು ನೋಡಿದೆ, 30 ಸೆಕೆಂಡ್. ಅದೇ ಸೆಂಡ್ ಎಫ್‌ಪಿಡಿಎಂಎ ಸಾಲು.

ಅಂಗಡಿಯವರ ತಪ್ಪು ಅಲ್ಲ ಅಂತ ಅವರಿಗೆ ಫೋನ್ ಮಾಡಿ ಹೇಳಿದೆ. ಅವರಿಗೂ ಸಮಾಧಾನ ಆಯಿತು. ಈಗ ಕಾಯಂ ಪರಿಹಾರ ಏನು?

ಉದ್ಯಮಬಾಗ್ ಮೇಂಟೆನೆನ್ಸ್

ಮೊದಲು ಡಿಸ್ಕ್ ಕಂಪನಿಯವರ ತಾಣದಲ್ಲಿ ಹೊಸ ಫರ್ಮ್‌ವೇರ್ ಇದೆಯಾ ನೋಡು. ಇದ್ದರೆ ಬ್ಯಾಕಪ್ ಕೈಯಲ್ಲಿಟ್ಟುಕೊಂಡು, ಯುಪಿಎಸ್ ಇರುವಾಗ ಮಾತ್ರ ಹಾಕು. ನಡುವೆ ಕರೆಂಟ್ ಹೋದರೆ ಡಿಸ್ಕ್ ಕೈಬಿಡುತ್ತದೆ. ನಿಮ್ಮ ಕಡೆ ಮಗ್ಗಗಳು ಒಟ್ಟಿಗೆ ಚಾಲೂ ಆಗುವ ಹೊತ್ತು ವೋಲ್ಟೇಜ್ ಹೇಗೆ ಇಳಿಯುತ್ತದೆ ಅಂತ ನಿನಗೇ ಗೊತ್ತು.

ಫರ್ಮ್‌ವೇರ್ ಇಲ್ಲದಿದ್ದರೆ ಕರ್ನಲ್‌ಗೆ ಹೇಳಬೇಕು. ಉಬುಂಟು ಬೂಟ್ ಮಾಡಿಸುವ ಗ್ರಬ್‌ನ ಸೆಟ್ಟಿಂಗ್ ಫೈಲ್‌ನಲ್ಲಿ ಕ್ವೈಟ್, ಸ್ಪ್ಲ್ಯಾಶ್ ಅಂತ ಇರುವ ಸಾಲು ಇದೆ. ಅದೇ ಸಾಲಿನಲ್ಲಿ ಒಂದು ಜಾಗ ಬಿಟ್ಟು ಲಿಬ್‌ಎಟಿಎ, ಚುಕ್ಕೆ, ಫೋರ್ಸ್, ಸಮ ಚಿಹ್ನೆ, 3, ಕೋಲನ್, ಕೊನೆಗೆ ನೋ, ಎನ್‌ಸಿಕ್ಯೂ, ಟ್ರಿಮ್ ಮೂರನ್ನೂ ಕೂಡಿಸಿ ಬರೆ. ಎಲ್ಲಾ ಸಣ್ಣ ಅಕ್ಷರ, ಮಧ್ಯೆ ಜಾಗ ಇಲ್ಲ. ಆ 3 ಯಾಕೆ ಅಂದರೆ ನಿನ್ನ ಲಾಗ್‌ನಲ್ಲಿ ಎಟಿಎ3 ಅಂತ ಇದೆ. ಆ ಪೋರ್ಟ್‌ಗೆ ಮಾತ್ರ ನಿಯಮ. ಮುಂದೆ ಕೇಬಲ್ ಬೇರೆ ಪೋರ್ಟ್‌ಗೆ ಹಾಕಿದರೆ ನಂಬರ್ ಬದಲಿಸಲು ಮರೆಯಬೇಡ. ಆಮೇಲೆ ಗ್ರಬ್ ಅಪ್‌ಡೇಟ್ ಮಾಡಿ ರೀಬೂಟ್ ಮಾಡು.

ಹೀಗೆ ಮಾಡಿದರೆ ಓದು, ಬರಹ ಎಲ್ಲಾ ಸಾಲಿನಲ್ಲೇ ಹೋಗುತ್ತವೆ. ಟ್ರಿಮ್ ಒಂದು ಮಾತ್ರ ಹಳೆಯ ಪದ್ಧತಿಯಲ್ಲಿ ಹೋಗುತ್ತದೆ.

ಡಿಸ್ಕ್‌ಗಳನ್ನು ಹೇಗೆ ಜೋಡಿಸಬೇಕು ಅಂತ ಬರೆದಿರುವ ಎಫ್‌ಎಸ್‌ಟ್ಯಾಬ್ ಫೈಲ್ ಕೂಡ ಒಮ್ಮೆ ನೋಡು. ಅಲ್ಲಿ ಡಿಸ್ಕಾರ್ಡ್ ಅಂತ ಇದ್ದರೆ ತೆಗೆ. ಅದು ಇದ್ದರೆ ಫೈಲ್ ಅಳಿಸಿದಾಗೆಲ್ಲ ಟ್ರಿಮ್ ಹೋಗುತ್ತದೆ, ವಾರಕ್ಕೊಮ್ಮೆಯದೇ ನಿಮಗೆ ಸಾಕು.

ವಿದ್ಯಾಗಿರಿ ಹುಡುಗ

ಸರ್, ಇಷ್ಟೆಲ್ಲಾ ತೊಂದರೆ ಇದ್ದರೆ ಸಾಟಾ ಬಿಟ್ಟು ಹೊಸ ಪದ್ಧತಿಯ ಎನ್‌ವಿಎಂಇ ಎಸ್‌ಎಸ್‌ಡಿ ಹಾಕಿದರೆ ಒಳ್ಳೆಯದಲ್ವಾ? ಅದರಲ್ಲಿ ಕ್ಯೂ ಸಾವಿರಾರು ಇರುತ್ತವಂತೆ.

ನವನಗರ ಸರ್ವಿಸ್

ನಿಯಮದ ಪ್ರಕಾರ ಎನ್‌ವಿಎಂಇಯಲ್ಲಿ 65,535 ಕ್ಯೂ ತನಕ ಇರಬಹುದು. ಎಎಚ್‌ಸಿಐಯಲ್ಲಿ ಒಂದು ಪೋರ್ಟ್‌ಗೆ ಒಂದೇ ಸಾಲು, 32 ಕಮಾಂಡ್. ಆದರೆ ಆ ಹಳೆಯ ಬೋರ್ಡ್‌ನಲ್ಲಿ ಎನ್‌ವಿಎಂಇಗೆ ಜಾಗವೇ ಇಲ್ಲ. ಬೋರ್ಡ್, ಪ್ರೊಸೆಸರ್, ರ‍್ಯಾಮ್ ಎಲ್ಲಾ ಬದಲಿಸಬೇಕು. ಇರುವುದರಲ್ಲೇ ಸರಿ ಹೋಗುವಾಗ ಮಗ್ಗದವರ ದುಡ್ಡು ಯಾಕೆ ಖರ್ಚು ಮಾಡಿಸುವುದು?

ಸ್ಟೇಷನ್ ರೋಡ್ ಸ್ಟುಡಿಯೋ

ಭಾನುವಾರ ಡ್ರೈವರ್ ಬದಲಿಸಿದೆ. ಮೂರು ದಿನ ಆಯಿತು, 129 ಒಂದೂ ಇಲ್ಲ. ನಿನ್ನೆ ಒಂದು ಪೂರ್ತಿ ಮದುವೆಯ ವಿಡಿಯೋ ಎಡಿಟ್ ಆಯಿತು. ಪವರ್ ಪ್ಲಾನ್ ಇನ್ನೂ ಮುಟ್ಟಿಲ್ಲ. ಒಂದೊಂದೇ ಬದಲಿಸಿ ನೋಡಬೇಕು ಅಂತ ಬನಹಟ್ಟಿಯವರದ್ದು ಓದಿ ಗೊತ್ತಾಯಿತು. ನವನಗರದವರಿಗೆ, ಕಾಕಾ ಅವರಿಗೆ ತುಂಬಾ ಉಪಕಾರ.

ಬನಹಟ್ಟಿ ಮಗ್ಗ

ಇವತ್ತು ಸೋಮವಾರ. ಬೇಕಂತಲೇ ಬೇಗ ಬಂದು ಸರ್ವರ್ ಚಾಲೂ ಮಾಡಿ, ಲಾಗ್ ತೆರೆದು ಮುಂದೆ ಕೂತೆ. ಡಿಸ್ಕ್‌ಗೆ ಹೊಸ ಫರ್ಮ್‌ವೇರ್ ಸಿಗಲಿಲ್ಲ, ಅದಕ್ಕೆ ಕಾಕಾ ಹೇಳಿದ ಸಾಲನ್ನೇ ಗುರುವಾರ ಸೇರಿಸಿದ್ದೆ. ಕ್ಯೂ ಡೆಪ್ತ್ 32 ಇದೆ. 9.20ಕ್ಕೆ ಟ್ರಿಮ್ ಶುರುವಾಯಿತು. ಎಷ್ಟು ಜಿಬಿ ಖಾಲಿ ಅಂತ ಲೆಕ್ಕ ಬರೆದು ಮುಗಿಯಿತು. ಎಟಿಎ3 ಹೆಸರಿನ ಒಂದು ತಪ್ಪೂ ಇಲ್ಲ. ಅದೇ ಹೊತ್ತಿಗೆ ಅಪ್ಪ ಇನ್ನೊಂದು ಕಂಪ್ಯೂಟರ್‌ನಲ್ಲಿ ಸೆರಗು ಸೇವ್ ಮಾಡುತ್ತಿದ್ದರು. ಅವರಿಗೆ ಏನೂ ಗೊತ್ತಾಗಲೇ ಇಲ್ಲ.

ಉದ್ಯಮಬಾಗ್ ಮೇಂಟೆನೆನ್ಸ್

ಓದಿ ಬಹಳ ಸಂತೋಷ ಆಯಿತು ತಮ್ಮಾ. ಒಂದು ಕೆಲಸ ಬಾಕಿ ಇದೆ. ಎಚ್‌ಡಿಪಾರ್ಮ್ ಕೊಟ್ಟರೆ ಡಿಸ್ಕ್‌ನ ಮಾದರಿ ಹೆಸರು, ಫರ್ಮ್‌ವೇರ್ ನಂಬರ್ ಸಿಗುತ್ತವೆ. ಬೋರ್ಡ್‌ನ ಕಂಟ್ರೋಲರ್ ನಂಬರ್ ಎಲ್‌ಎಸ್‌ಪಿಸಿಐನಲ್ಲಿ ಸಿಗುತ್ತದೆ. ಎರಡು ಪರೀಕ್ಷೆಯ ಲಾಗ್ ಜೊತೆ ಇವನ್ನು ಕರ್ನಲ್‌ನ ಎಟಿಎ ವಿಭಾಗದವರಿಗೆ ಕಳಿಸು. ಅವರು ಪಟ್ಟಿಗೆ ಸೇರಿಸಿದರೆ ಇದೇ ಡಿಸ್ಕ್ ಕೊಂಡ ಬೇರೆಯವರಿಗೆ ಸೋಮವಾರದ ಕಾಟ ಇರುವುದಿಲ್ಲ. ಇಂಗ್ಲಿಷ್‌ನಲ್ಲಿ ಬರೆಯಲು ಕಷ್ಟ ಆದರೆ ಹೇಳು, ನಾನು ಕೂತು ಬರೆಸುತ್ತೇನೆ.

ಬನಹಟ್ಟಿ ಮಗ್ಗ

ಆಗಲಿ ಕಾಕಾ. ಲಾಗ್ ಎರಡೂ ಎತ್ತಿಟ್ಟಿದ್ದೇನೆ. ಮಾದರಿ, ಫರ್ಮ್‌ವೇರ್, ಕಂಟ್ರೋಲರ್ ನಂಬರ್ ಮೂರೂ ಬರೆದುಕೊಂಡೆ. ಸಂಜೆ ಮಗ್ಗ ನಿಂತ ಮೇಲೆ ಕೂತು ಬರೆದು, ಕಳಿಸುವ ಮೊದಲು ನಿಮಗೆ ತೋರಿಸುತ್ತೇನೆ.